ಇಷ್ಟು ಮಾಹಿತಿ ಸಾಕೇ? ಮಹಾವೀರಾಚಾರ್ಯರ ಬದುಕು ಮತ್ತು ನನ್ನ ಒಂದು ತಪ್ಪು ಪಾಠ

ಬೋಧನಾಭ್ಯಾಸಕ್ಕೆಂದು ನನಗೆ ಬಂದ ಪ್ರೌಢಶಾಲೆ ಬೈಲಹೊಂಗಲ ತಾಲೂಕಿನದು. ಹತ್ತನೇ ತರಗತಿ, ವಿಷಯ ಗಣಿತ, ಘಟಕ ಸಮಾಂತರ ಶ್ರೇಢಿಗಳು. ಮೊದಲ ಐದು ಪಾಠ ಚೆನ್ನಾಗಿಯೇ ಆದವು. ಆರನೆಯದರಲ್ಲಿ ಎಡವಿದೆ. ಎಡವಿದ್ದರಿಂದಲೇ ಸಾವಿರದ ನೂರೈವತ್ತು ವರ್ಷಗಳ ಹಿಂದಿನ ಗಣಿತಜ್ಞರೊಬ್ಬರ ಬದುಕನ್ನು ಹುಡುಕಿಕೊಂಡು ಹೋಗಬೇಕಾಯಿತು. ಅದನ್ನು ನಮ್ಮ ಬ್ಯಾಚಿನ ಗೆಳೆಯರಿಗೆ ಹೇಳಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ನಡೆದದ್ದು ಇಷ್ಟು. ಬಿ.ಎಸ್ಸಿ. ಮುಗಿದ ಮೇಲೆ ಎರಡು ವರ್ಷ ಬ್ಯಾಂಕ್ ಪರೀಕ್ಷೆಗಳಿಗೆ ಓದಿದವನು ನಾನು. ಆ ಪರೀಕ್ಷೆಗಳಲ್ಲಿ ಡೇಟಾ ಸಫಿಶಿಯನ್ಸಿ ಎಂಬ ಒಂದು ಬಗೆಯ ಲೆಕ್ಕ ಬರುತ್ತದೆ. ಮೇಲೆ ಒಂದು ಪ್ರಶ್ನೆ, ಕೆಳಗೆ ಎರಡು ಹೇಳಿಕೆ. ಉತ್ತರ ಎಷ್ಟು ಎಂದು ಕೇಳುವುದಿಲ್ಲ. ಉತ್ತರ ತೆಗೆಯಲು ಮೊದಲ ಹೇಳಿಕೆಯೊಂದೇ ಸಾಕೇ, ಎರಡನೆಯದೊಂದೇ ಸಾಕೇ, ಎರಡೂ ಸೇರಿದರೆ ಸಾಕೇ, ಸೇರಿದರೂ ಸಾಲದೇ ಎಂದಷ್ಟೇ ಕೇಳುತ್ತಾರೆ. ಪಠ್ಯಪುಸ್ತಕದ ಅಭ್ಯಾಸ ಮುಗಿದಿತ್ತು, ಹತ್ತು ನಿಮಿಷ ಉಳಿದಿತ್ತು. ನನಗೆ ಬರುವುದನ್ನು ಮಕ್ಕಳಿಗೂ ತೋರಿಸೋಣ ಎನ್ನುವ ಹುಮ್ಮಸ್ಸಿನಲ್ಲಿ ಕರಿಹಲಗೆಯ ಮೇಲೆ ಒಂದು ಲೆಕ್ಕ ಬರೆದೆ. ಒಂದು ಸಮಾಂತರ ಶ್ರೇಢಿಯ ಮೊದಲ 9 ಪದಗಳ ಮೊತ್ತ ಎಷ್ಟು? ಹೇಳಿಕೆ ಒಂದು: 5ನೇ ಪದ 22. ಹೇಳಿಕೆ ಎರಡು: ಸಾಮಾನ್ಯ ವ್ಯತ್ಯಾಸ 5.

ಎರಡೂ ಬೇಕು ಎಂದು ನಾನೇ ಹೇಳಿಬಿಟ್ಟೆ. ಮೊದಲ ಪದ ಗೊತ್ತಿಲ್ಲ, ಸಾಮಾನ್ಯ ವ್ಯತ್ಯಾಸ ಗೊತ್ತಿಲ್ಲ. ಗೊತ್ತಿಲ್ಲದ್ದು ಎರಡಾದರೆ ಸಮೀಕರಣವೂ ಎರಡು ಬೇಕು ಎಂದು ವಿವರಿಸಿದೆ. ಸವದತ್ತಿ ಕಡೆಯ ಹಳ್ಳಿಯಿಂದ ಬಂದು ಅಜ್ಜಿಯ ಮನೆಯಲ್ಲಿದ್ದು ಓದುವ ಹುಡುಗಿಯೊಬ್ಬಳು ಎದ್ದು ನಿಂತು, ಸರ್, ಮೊದಲನೇದ ಒಂದೇ ಸಾಕ್ರಿ, ಉತ್ತರ 198 ಬರತೈತಿ ಎಂದಳು. ಹೇಗೆ ಎಂದು ಕೇಳಿದೆ. ನಡುವಿನ ಪದ ಐತಲ್ರಿ ಎಂದಷ್ಟೇ ಹೇಳಿದಳು, ಮುಂದೆ ವಿವರಿಸಲು ಅವಳಿಗೆ ಬರಲಿಲ್ಲ. ಗಣಿತದಲ್ಲಿ ಊಹೆ ಮಾಡಬಾರದು, ಸೂತ್ರ ಹಾಕಬೇಕು ಎಂದು ಹೇಳಿ ಕೂರಿಸಿದೆ. ಗಂಟೆ ಬಾರಿಸಿತು.

ಕೊನೆಯ ಬೆಂಚಿನಲ್ಲಿ ಕುಳಿತಿದ್ದ ಮಾರ್ಗದರ್ಶಕ ಶಿಕ್ಷಕರು ವಿರಾಮದಲ್ಲಿ ನನ್ನ ಮುಂದೆ ಒಂದು ಹಾಳೆ ಇಟ್ಟರು. 5ನೇ ಪದ 22 ಇಟ್ಟುಕೊಂಡು ವ್ಯತ್ಯಾಸವನ್ನು ಬೇರೆ ಬೇರೆ ಮಾಡಿ ನೋಡಿರಿ ಎಂದರು. ವ್ಯತ್ಯಾಸ 5 ಆದರೆ 2, 7, 12, 17, 22, 27, 32, 37, 42, ಮೊತ್ತ 198. ವ್ಯತ್ಯಾಸ 1 ಆದರೆ 18ರಿಂದ 26ರವರೆಗೆ, ಮೊತ್ತ 198. ವ್ಯತ್ಯಾಸ ಸೊನ್ನೆಯಾದರೆ ಒಂಬತ್ತು ಸಲ 22, ಮತ್ತೆ 198. ಬೆವರು ಬಂತು. ಸೂತ್ರ ಹಾಕು ಎಂದವನು ನಾನು, ಸೂತ್ರವನ್ನು ಸರಿಯಾಗಿ ನೋಡದವನೂ ನಾನೇ. ಮೊದಲ ಪದವನ್ನು ಎ, ವ್ಯತ್ಯಾಸವನ್ನು ಡಿ ಎಂದರೆ 9 ಪದಗಳ ಮೊತ್ತ 9 × (ಎ + 4ಡಿ). ಆವರಣದೊಳಗಿರುವುದು 5ನೇ ಪದವೇ. ಎ ಎಷ್ಟು, ಡಿ ಎಷ್ಟು ಎಂದು ಬೇರೆ ಬೇರೆ ತಿಳಿಯುವ ಅಗತ್ಯವೇ ಇಲ್ಲ. ಆ ಹುಡುಗಿ ಊಹೆ ಮಾಡಿರಲಿಲ್ಲ, ಕಂಡಿದ್ದಳು.

ವೀಕ್ಷಣಾ ಪುಸ್ತಕದಲ್ಲಿ ಅವರು ಎರಡು ಸೂಚನೆ ಬರೆದರು. ಮರುದಿನ ಮಕ್ಕಳ ಮುಂದೆ ತಪ್ಪನ್ನು ಸರಿಪಡಿಸಬೇಕು. ಘಟಕದಲ್ಲಿ ಒಬ್ಬ ಗಣಿತಜ್ಞರ ಪರಿಚಯ ಇರಬೇಕು. ಎರಡನೆಯದಕ್ಕೆ ನನ್ನ ಹತ್ತಿರ ಸಿದ್ಧ ಸರಕಿತ್ತು: ಬಾಲಕ ಗೌಸ್ 1ರಿಂದ 100ರವರೆಗೆ ಕೂಡಿಸಿದ ಕಥೆ. ನಮ್ಮ ಕಾಲೇಜಿನಲ್ಲಿ ಈ ಘಟಕ ತೆಗೆದುಕೊಂಡವರೆಲ್ಲ ಅದನ್ನೇ ಹೇಳುತ್ತಾರೆ, ನಾನೂ ಸೂಕ್ಷ್ಮ ಬೋಧನೆಯಲ್ಲಿ ಹೇಳಿದ್ದೆ. ಶ್ರೇಢಿ ಕೂಡಿಸಿದವರು ನಮ್ಮ ಕಡೆ ಯಾರೂ ಇರಲಿಲ್ಲವೇ ಎಂದು ಮಾರ್ಗದರ್ಶಕರು ಕೇಳಿದರು. ಹೀಗೆ ನಾನು ಮಹಾವೀರಾಚಾರ್ಯರ ಬಳಿಗೆ ಬಂದೆ.

ಈ ಶಾಲೆಯ ಗೋಡೆಯ ಮೇಲೆ ಕಿತ್ತೂರು ಚೆನ್ನಮ್ಮನ ಚಿತ್ರವಿದೆ, ಪಕ್ಕದಲ್ಲಿ ಸಂಗೊಳ್ಳಿ ರಾಯಣ್ಣನದು. ಇಲ್ಲಿನ ಮಕ್ಕಳಿಗೆ 1824ರ ಅಕ್ಟೋಬರ್ 23 ಎಂದರೆ ಥ್ಯಾಕರೆ ಬಿದ್ದ ದಿನ, 1831ರ ಜನವರಿ 26 ಎಂದರೆ ನಂದಗಡದ ಆಲದ ಮರ. ದಿನಾಂಕ ಕೇಳಿದರೆ ನಿದ್ದೆಗಣ್ಣಿನಲ್ಲೂ ಹೇಳುತ್ತಾರೆ. ಹುಟ್ಟಿದ ವರ್ಷವೇ ದಾಖಲೆಯಲ್ಲಿಲ್ಲದ ಒಬ್ಬರ ಜೀವನ ಚರಿತ್ರೆಯನ್ನು ಇಂಥ ಮಕ್ಕಳಿಗೆ ಹೇಗೆ ಹೇಳುವುದು? ಎರಡು ರಾತ್ರಿ ಅದೇ ಯೋಚನೆ. ಕೊನೆಗೆ ಹೊಳೆಯಿತು, ಅದನ್ನೂ ಒಂದು ಡೇಟಾ ಸಫಿಶಿಯನ್ಸಿ ಲೆಕ್ಕವಾಗಿ ಬರೆದರಾಯಿತು ಎಂದು.

ಮೊದಲು ನನ್ನ ತಪ್ಪನ್ನು ಒಪ್ಪಿಕೊಂಡೆ, ಮೂರು ಶ್ರೇಢಿಗಳನ್ನೂ ಹಲಗೆಯ ಮೇಲೆ ಬರೆಸಿದೆ. ಆಮೇಲೆ ಬರೆದ ಪ್ರಶ್ನೆ: ಮಹಾವೀರಾಚಾರ್ಯರು ಯಾವ ಕಾಲದವರು? ಹೇಳಿಕೆ ಒಂದು: ತಮ್ಮ ಗಣಿತಸಾರಸಂಗ್ರಹ ಎಂಬ ಗ್ರಂಥದ ಆರಂಭದಲ್ಲಿ ಅವರು ದೊರೆ ಅಮೋಘವರ್ಷ ನೃಪತುಂಗನನ್ನು ಹೊಗಳಿದ್ದಾರೆ. ಹೇಳಿಕೆ ಎರಡು: ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗ ಆಳಿದ್ದು ಸುಮಾರು 814ರಿಂದ 878ರವರೆಗೆ. ಒಂದೊಂದೇ ಸಾಲದು, ಎರಡೂ ಸೇರಿದರೆ ಸಾಕು ಎಂದು ತರಗತಿ ಕೂಗಿತು. ಹುಟ್ಟಿದ ವರ್ಷಕ್ಕೆ ಸಾಕೇ ಎಂದು ಕೇಳಿದೆ. ಕೂಗು ನಿಂತಿತು. ಸಾಲದು ಎಂದು ಒಬ್ಬ ಮೆಲ್ಲಗೆ ಹೇಳಿದ. ಅದೇ ಮಾಹಿತಿ ಒಂದು ಪ್ರಶ್ನೆಗೆ ಸಾಕು, ಇನ್ನೊಂದಕ್ಕೆ ಸಾಲದು. ನಿನ್ನೆ ನಾನು ಎಡವಿದ್ದೂ ಇಲ್ಲಿಯೇ. 5ನೇ ಪದ 22 ಎಂಬುದು ಮೊದಲ ಪದ ಯಾವುದು ಎನ್ನುವ ಪ್ರಶ್ನೆಗೆ ಸಾಲದು, 9 ಪದಗಳ ಮೊತ್ತಕ್ಕೆ ಸಾಕು. ನಾನು ಪ್ರಶ್ನೆಯನ್ನು ಬಿಟ್ಟು ಗೊತ್ತಿಲ್ಲದ್ದನ್ನು ಎಣಿಸುತ್ತ ಕೂತಿದ್ದೆ.

ವಿದ್ವಾಂಸರು ಗ್ರಂಥದ ಕಾಲವನ್ನು ಸುಮಾರು 850 ಎಂದು ಇಟ್ಟಿದ್ದಾರೆ. ಆಗ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ, ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ, ಕಾಗಿಣಾ ನದಿಯ ದಂಡೆ. ನೃಪತುಂಗ ಹುಡುಗನಾಗಿದ್ದಾಗಲೇ ಪಟ್ಟಕ್ಕೆ ಬಂದವನು, ಅರವತ್ತು ವರ್ಷಕ್ಕೂ ಮಿಕ್ಕಿ ಆಳಿದವನು. ದಂಗೆಗಳನ್ನು ಎದುರಿಸಿದರೂ ಅವನ ಹೆಸರು ಉಳಿದದ್ದು ಯುದ್ಧಕ್ಕಿಂತ ಹೆಚ್ಚಾಗಿ ವಿದ್ಯೆಯಿಂದ. ಆದಿಪುರಾಣ ಬರೆದ ಜಿನಸೇನರನ್ನು ಅವನು ಗುರುವೆಂದು ಕಂಡ. ಜೈನ ವೈಯಾಕರಣ ಶಾಕಟಾಯನ ತನ್ನ ವ್ಯಾಕರಣದ ವೃತ್ತಿಗೆ ದೊರೆಯ ಹೆಸರನ್ನೇ ಇಟ್ಟು ಅಮೋಘವೃತ್ತಿ ಎಂದ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಅತಿ ಹಳೆಯ ಗ್ರಂಥ ಕವಿರಾಜಮಾರ್ಗ ಹುಟ್ಟಿದ್ದೂ ಅದೇ ಆಸ್ಥಾನದಲ್ಲಿ. ಮಹಾವೀರಾಚಾರ್ಯರು ಈ ಗುಂಪಿನ ಕಾಲದವರು, ಜೈನರು, ಬರೆದದ್ದು ಸಂಸ್ಕೃತ ಪದ್ಯಗಳಲ್ಲಿ.

ಇಲ್ಲಿಗೆ ಬಂದಾಗ ತರಗತಿಗೆ ಒಂದು ವಿಷಯ ಹೇಳಲೇಬೇಕಿತ್ತು. ಕವಿರಾಜಮಾರ್ಗ ಕನ್ನಡದ ತಿರುಳು ಎಲ್ಲಿದೆ ಎಂದು ಗುರುತಿಸುವಾಗ ನಾಲ್ಕು ಊರುಗಳನ್ನು ಹೆಸರಿಸುತ್ತದೆ: ಕಿಸುವೊಳಲ್ ಅಂದರೆ ಪಟ್ಟದಕಲ್ಲು, ಕೊಪಣ ಅಂದರೆ ಕೊಪ್ಪಳ, ಪುಲಿಗೆರೆ ಅಂದರೆ ಲಕ್ಷ್ಮೇಶ್ವರ, ನಾಲ್ಕನೆಯದು ಒಕ್ಕುಂದ. ಒಕ್ಕುಂದ ಎಂದರೆ ನಮ್ಮ ಬೈಲಹೊಂಗಲ ತಾಲೂಕಿನ ವಕ್ಕುಂದ, ಮಲಪ್ರಭೆಯ ದಂಡೆಯ ಊರು. ವಕ್ಕುಂದದಲ್ಲಿ ನೆಂಟರಿರುವ ಹುಡುಗನೊಬ್ಬ ಬೆಂಚಿನಿಂದ ಜಿಗಿಯುವುದೊಂದು ಬಾಕಿ. ಹಂಗಾದ್ರ ಮಹಾವೀರಾಚಾರ್ಯರು ನಮ್ಮ ವಕ್ಕುಂದದಾವ್ರರೀ ಎಂದ. ಸವದತ್ತಿಯ ಹುಡುಗಿ ಬಿಡಲಿಲ್ಲ. ಸವದತ್ತಿಯ ಹಳೆಯ ಹೆಸರು ಸುಗಂಧವರ್ತಿ, ಅಲ್ಲಿ ಆಳಿದ ರಟ್ಟರು ರಾಷ್ಟ್ರಕೂಟರ ಸಾಮಂತರು, ಜಿನಾಲಯ ಕಟ್ಟಿಸಿದವರು ಎಂದು ನಾನೇ ಹತ್ತು ನಿಮಿಷ ಮುಂಚೆ ಹೇಳಿದ್ದೆ. ಹಾಗಾದರೆ ನಮ್ಮವರೂ ಆಗಬಹುದಲ್ಲ ಎಂದಳು. ರಾಮದುರ್ಗ ಕಡೆಯವನಾದ ನನಗೂ ಒಂದು ಕ್ಷಣ ನಮ್ಮೂರನ್ನು ಪಟ್ಟಿಗೆ ಸೇರಿಸುವ ಆಸೆಯಾಯಿತು. ಆದರೆ ಹಲಗೆಯ ಮೇಲೆ ಪ್ರಶ್ನೆ ಬರೆದೇಬಿಟ್ಟೆ. ಮಹಾವೀರಾಚಾರ್ಯರ ಊರು ಯಾವುದು? ಹೇಳಿಕೆ ಒಂದು: ಅವರು ಹೊಗಳಿದ ದೊರೆ ಕನ್ನಡ ನಾಡನ್ನು ಆಳಿದ. ಹೇಳಿಕೆ ಎರಡು: ಅದೇ ಆಸ್ಥಾನದ ಒಂದು ಗ್ರಂಥ ಒಕ್ಕುಂದವನ್ನು ಹೆಸರಿಸಿದೆ. ಎರಡೂ ನಿಜ, ಎರಡೂ ಸೇರಿದರೂ ಸಾಲದು. ವಕ್ಕುಂದದ ಹುಡುಗ ಬೇಸರದಿಂದಲೇ ಒಪ್ಪಿಕೊಂಡ. ಕನ್ನಡ ನಾಡಿನ ರಾಜಾಶ್ರಯದಲ್ಲಿ ಬರೆದವರು ಎಂಬಷ್ಟನ್ನು ಮಾತ್ರ ದಿಟವಾಗಿ ಹೇಳಬಹುದು ಎಂದು ಟಿಪ್ಪಣಿ ಬರೆಸಿದೆ.

ಮನುಷ್ಯನ ಬಗ್ಗೆ ಇಷ್ಟು ಕಡಿಮೆ ಇರುವಾಗ ಗ್ರಂಥವೇ ಅವರ ಬದುಕು. ಗಣಿತಸಾರಸಂಗ್ರಹದಲ್ಲಿ ಸಾವಿರದ ನೂರಕ್ಕೂ ಹೆಚ್ಚು ಪದ್ಯ, ಒಂಬತ್ತು ಅಧ್ಯಾಯ. ಆರ್ಯಭಟ 499ರಲ್ಲಿ, ಬ್ರಹ್ಮಗುಪ್ತ 628ರಲ್ಲಿ ಬರೆದಾಗ ಗಣಿತವು ಖಗೋಳ ಗ್ರಂಥದ ಒಂದು ಭಾಗವಾಗಿತ್ತು. ಮಹಾವೀರಾಚಾರ್ಯರು ಗ್ರಹ ನಕ್ಷತ್ರಗಳನ್ನು ಪಕ್ಕಕ್ಕಿಟ್ಟು ಗಣಿತವನ್ನೇ ವಿಷಯ ಮಾಡಿಕೊಂಡರು. ವ್ಯಾಪಾರ, ಅಡುಗೆ, ವೈದ್ಯ, ವಾಸ್ತು, ಸಂಗೀತ, ಛಂದಸ್ಸು ಎಲ್ಲೆಡೆ ಗಣಿತ ಬೇಕು ಎನ್ನುವುದು ಅವರ ಪೀಠಿಕೆಯ ಸಾರ. ಅವರ ಲೆಕ್ಕಗಳಲ್ಲಿ ಜಿನಾಲಯಕ್ಕೆ ಹೂ ಒಯ್ಯುವವರು, ದಾರಿಯಲ್ಲಿ ಹಣದ ಗಂಟು ಕಂಡ ವರ್ತಕರು, ಆನೆಯ ಹಿಂಡು, ಹರಿದು ಚೆಲ್ಲಿದ ಮುತ್ತಿನ ಹಾರ ಎಲ್ಲ ಬರುತ್ತವೆ. ಪಾಠೋಪಕರಣ ಇಲ್ಲದ ಕಾಲದಲ್ಲಿ ಅವರಿಗೆ ಇವೇ ಪಾಠೋಪಕರಣ ಎಂದು ನನಗೆ ಅನಿಸಿತು.

ನನ್ನ ಘಟಕಕ್ಕೆ ಬೇಕಾದದ್ದು ಎರಡನೆಯ ಅಧ್ಯಾಯ. ಅದರ ಹೆಸರು ಪರಿಕರ್ಮ ವ್ಯವಹಾರ, ಅಂದರೆ ಮೂಲ ಕ್ರಿಯೆಗಳು. ಅಲ್ಲಿ ಎಂಟು ಕ್ರಿಯೆಗಳಿವೆ: ಗುಣಾಕಾರ, ಭಾಗಾಕಾರ, ವರ್ಗ, ವರ್ಗಮೂಲ, ಘನ, ಘನಮೂಲ, ಸಂಕಲಿತ, ವ್ಯುತ್ಕಲಿತ. ಕೂಡುವುದು, ಕಳೆಯುವುದು ಪಟ್ಟಿಯಲ್ಲೇ ಇಲ್ಲ. ಅವು ಬರುತ್ತವೆ ಎಂದಿಟ್ಟುಕೊಂಡು ನೇರ ಗುಣಾಕಾರದಿಂದ ಹೊರಡುತ್ತಾರೆ. ನಮ್ಮ ಪಾಠ ಯೋಜನೆಯಲ್ಲಿ ಪೂರ್ವಜ್ಞಾನ ಎಂದು ಬರೆಯುತ್ತೇವಲ್ಲ, ಅದು. ಏಳನೆಯದಾದ ಸಂಕಲಿತವೆಂದರೆ ಶ್ರೇಢಿಯ ಮೊತ್ತ. ಎಂಟನೆಯದಾದ ವ್ಯುತ್ಕಲಿತವೆಂದರೆ ಶ್ರೇಢಿಯ ಮೊದಲ ಕೆಲವು ಪದ ತೆಗೆದರೆ ಉಳಿದವುಗಳ ಮೊತ್ತ. ಶ್ರೇಢಿಯನ್ನು ಅವರು ಪಠ್ಯದ ಕೊನೆಯ ಕಠಿಣ ಘಟಕವಾಗಿ ಕಾಣದೆ, ವರ್ಗಮೂಲದ ಸಾಲಿನಲ್ಲೇ ಒಂದು ಮೂಲ ಕ್ರಿಯೆಯಾಗಿ ಇಟ್ಟರು.

ಮೊದಲ ಪದಕ್ಕೆ ಅವರ ಮಾತು ಆದಿ, ಪದಗಳ ಸಂಖ್ಯೆಗೆ ಗಚ್ಛ, ಮೊತ್ತಕ್ಕೆ ಧನ, ಸಾಮಾನ್ಯ ವ್ಯತ್ಯಾಸಕ್ಕೆ ಉತ್ತರ ಅಥವಾ ಪ್ರಚಯ. ಉತ್ತರ ಗೊತ್ತಿದ್ದರೆ ಉತ್ತರ ಬರುತ್ತದೆಯೇ ಎಂದು ಕೇಳಿ ಮಕ್ಕಳನ್ನು ಸ್ವಲ್ಪ ನಗಿಸಿದೆ. ಈ ನಾಲ್ಕರಲ್ಲಿ ಮೂರು ಕೊಟ್ಟರೆ ನಾಲ್ಕನೆಯದನ್ನು ತೆಗೆಯುವ ನಿಯಮಗಳನ್ನು ಅವರು ಒಂದೊಂದಾಗಿ ಹೇಳುತ್ತಾರೆ. ಎಲ್ಲವೂ ಅವರೇ ಕಂಡುಹಿಡಿದದ್ದಲ್ಲ. ಪದಗಳ ಸಂಖ್ಯೆ ತೆಗೆಯುವ ನಿಯಮ ಆರ್ಯಭಟನಲ್ಲೂ ಇದೆ. ಮಹಾವೀರಾಚಾರ್ಯರ ಹೆಚ್ಚುಗಾರಿಕೆ ಮುಂದಿನ ಹೆಜ್ಜೆಗಳಲ್ಲಿದೆ. ಎರಡು ಅಂಶಗಳನ್ನು ಬೆರೆಸಿ ಒಂದೇ ಸಂಖ್ಯೆಯಾಗಿ ಕೊಟ್ಟರೆ ಏನು ಮಾಡುವುದು? ಮೊತ್ತಕ್ಕೆ ಮೊದಲ ಪದವನ್ನು ಕೂಡಿಸಿದ್ದನ್ನು ಅವರು ಆದಿಮಿಶ್ರಧನ ಎನ್ನುತ್ತಾರೆ. ತರಗತಿಗೆ ನಾನು ಮಾಡಿಕೊಂಡ ಲೆಕ್ಕ: 5 ಪದ, ವ್ಯತ್ಯಾಸ 3, ಮೊತ್ತ ಮತ್ತು ಮೊದಲ ಪದ ಸೇರಿ 42. ಮೊತ್ತವೂ ಗೊತ್ತಿಲ್ಲ, ಮೊದಲ ಪದವೂ ಗೊತ್ತಿಲ್ಲ, ಸಾಲದು ಎನಿಸುತ್ತದೆ. ಆದರೆ ಮೊತ್ತದಲ್ಲಿ ಎ ಐದು ಸಲ ಇದೆ, ಕೂಡಿಸಿದ್ದು ಒಂದು, ಒಟ್ಟು ಆರು. ವ್ಯತ್ಯಾಸಗಳಿಂದ ಬಂದದ್ದು 3, 6, 9, 12 ಸೇರಿ 30. 42ರಲ್ಲಿ 30 ಹೋದರೆ 12, ಅದು ಆರು ಎ. ಮೊದಲ ಪದ 2. ಸಾಕಾಯಿತು.

ಸಾಲದ ಕಡೆ ಏನು ಮಾಡುತ್ತಾರೆ ಎನ್ನುವುದು ಇನ್ನೂ ಚೆನ್ನ. ಬರೀ ಮೊತ್ತ ಕೊಟ್ಟರೆ ಶ್ರೇಢಿ ನಿಶ್ಚಿತವಾಗುವುದಿಲ್ಲ. ಅಲ್ಲಿ ಅವರು ಇಷ್ಟ ಎಂಬ ಮಾತನ್ನು ತರುತ್ತಾರೆ. ನಿನಗಿಷ್ಟವಾದ ಪದಸಂಖ್ಯೆಯನ್ನು, ಇಷ್ಟವಾದ ಮೊದಲ ಪದವನ್ನು ಆರಿಸಿಕೋ, ವ್ಯತ್ಯಾಸವನ್ನು ನಾನು ಕೊಡುತ್ತೇನೆ ಎಂಬ ಧಾಟಿ. ಮೊತ್ತ 60 ಎಂದು ಹಲಗೆಯ ಮೇಲೆ ಬರೆದು ತರಗತಿಯ ಮೂರು ಸಾಲಿಗೆ ಬೇರೆ ಬೇರೆ ಇಷ್ಟ ಕೊಟ್ಟೆ. 5 ಪದ, ಮೊದಲನೆಯದು 4 ಎಂದವರಿಗೆ 4, 8, 12, 16, 20 ಬಂತು. 5 ಪದ, ಮೊದಲನೆಯದು 8 ಎಂದವರಿಗೆ 8, 10, 12, 14, 16. 4 ಪದ, ಮೊದಲನೆಯದು 3 ಎಂದವರಿಗೆ 3, 11, 19, 27. ಮೂರು ಸಾಲೂ ತಮ್ಮದೇ ಸರಿ ಎಂದು ಜಗಳಕ್ಕೆ ನಿಂತಾಗ ನಾನು ಸುಮ್ಮನಿದ್ದೆ. ಐದು ನಿಮಿಷದಲ್ಲಿ ತಾವೇ ಕಂಡುಕೊಂಡರು: ಮೊತ್ತವೊಂದೇ ಸಾಲದು. ಸಾಲದು ಎಂದು ತೋರಿಸಲು ಸೂತ್ರ ಬೇಡ, ಹೇಳಿಕೆಗೆ ಒಪ್ಪುವ ಎರಡು ಬೇರೆ ಉತ್ತರ ಇದ್ದರೆ ಸಾಕು. ನಾನು ಬ್ಯಾಂಕ್ ಪರೀಕ್ಷೆಯ ಪುಸ್ತಕಗಳಲ್ಲಿ ಎರಡು ವರ್ಷ ಓದಿದರೂ ಇದು ನನ್ನ ತಲೆಗೆ ಹೀಗೆ ಇಳಿದಿರಲಿಲ್ಲ.

ಈಗ ನನ್ನನ್ನು ನಿಜವಾಗಿ ನಾಚಿಸಿದ ಭಾಗ. ಮೊದಲ ಅಧ್ಯಾಯದ ಕೊನೆಯಲ್ಲಿ ಮಹಾವೀರಾಚಾರ್ಯರು ಗಣಕನಿಗೆ, ಅಂದರೆ ಲೆಕ್ಕ ಮಾಡುವವನಿಗೆ, ಎಂಟು ಗುಣ ಇರಬೇಕು ಎಂದು ಹೇಳುತ್ತಾರೆ. ಬೇಗ ಮುಗಿಸುವ ದಾರಿ ತಿಳಿದಿರುವುದು, ಆಲಸ್ಯ ಇಲ್ಲದಿರುವುದು, ಸರಿಯಾಗಿ ಗ್ರಹಿಸುವುದು, ನೆನಪಿಟ್ಟುಕೊಳ್ಳುವುದು, ಹೊಸ ಉಪಾಯ ಹುಡುಕುವುದು, ತಿಳಿಯದ ರಾಶಿಯನ್ನು ಬಯಲು ಮಾಡುವ ಅಂಕಗಳನ್ನು ಹಿಡಿಯುವುದು. ಇವು ಆರು. ಉಳಿದೆರಡು, ಪಟ್ಟಿಯಲ್ಲಿ ಎರಡನೆಯದು ಮತ್ತು ಮೂರನೆಯದು, ಊಹೆ ಮತ್ತು ಅಪೋಹೆ. ಕೈ ಹಾಕಿದ ಲೆಕ್ಕದಿಂದ ಬೇಕಾದ ಫಲ ಬರುತ್ತದೆಯೇ ಎಂದು ಮೊದಲೇ ಯೋಚಿಸುವುದು ಊಹೆ. ಬೇಡದ ಫಲ ಬಂದುಬಿಡಬಹುದೇ ಎಂದು ಯೋಚಿಸಿ ಅದನ್ನು ತಳ್ಳಿಹಾಕುವುದು ಅಪೋಹೆ. ಇಂದು ಪತ್ರಿಕೆಗಳಲ್ಲಿ ಊಹಾಪೋಹ ಎಂದರೆ ಗಾಳಿಸುದ್ದಿ. ಇಲ್ಲಿ ಆ ಮಾತು ಲೆಕ್ಕ ಮಾಡುವವನ ಎರಡು ಗುಣಗಳ ಜೋಡಿ. ಲೆಕ್ಕಕ್ಕೆ ಇಳಿಯುವ ಮುಂಚೆ, ಕೊಟ್ಟದ್ದು ಸಾಕೇ ಸಾಲದೇ ಎಂದು ತೂಗುವುದೇ ಡೇಟಾ ಸಫಿಶಿಯನ್ಸಿ. ಗಣಿತದಲ್ಲಿ ಊಹೆ ಮಾಡಬಾರದು ಎಂದು ನಾನು ಆ ಹುಡುಗಿಯನ್ನು ಕೂರಿಸಿದ್ದೆನಲ್ಲ, ಒಂಬತ್ತನೆಯ ಶತಮಾನದ ಆಚಾರ್ಯರೊಬ್ಬರು ಅದನ್ನೇ ಗುಣವೆಂದು ಎಣಿಸಿದ್ದರು. ಈ ಭಾಗವನ್ನು ತರಗತಿಯಲ್ಲಿ ಹೇಳುವಾಗ ಅವಳ ಕಡೆ ನೋಡಿಯೇ ಹೇಳಿದೆ. ಅವಳು ತಲೆ ತಗ್ಗಿಸಿ ವಹಿಯಲ್ಲಿ ಏನೋ ಗೀಚುತ್ತಿದ್ದಳು.

ಮರುದಿನ ಜೋಳದ ಕಣಿಕೆಯ ಬಣವೆಯ ಲೆಕ್ಕ ತೆಗೆದುಕೊಂಡೆ. ಕೆಳಗಿನ ವರಸೆಯಲ್ಲಿ 20 ಸೂಡು, ಮೇಲೆ ಹೋದಂತೆ ವರಸೆಗೆ ಎರಡೆರಡು ಕಡಿಮೆ. ಒಟ್ಟು 108 ಸೂಡು ಒಟ್ಟಿದ್ದಾರೆ. ವರಸೆ ಎಷ್ಟು? ಆದಿ ಇದೆ, ಉತ್ತರ ಇದೆ, ಧನ ಇದೆ. ಮೂರು ಇದ್ದರೆ ನಾಲ್ಕನೆಯದು ಬರಬೇಕು. ಮಹಾವೀರಾಚಾರ್ಯರ ನಿಯಮದ ದಾರಿ ಹೀಗೆ: ಉತ್ತರ ಮತ್ತು ಧನಗಳ ಗುಣಲಬ್ಧವನ್ನು ಎಂಟರಿಂದ ಗುಣಿಸು, ಆದಿಯ ಎರಡರಷ್ಟರಲ್ಲಿ ಉತ್ತರ ಕಳೆದು ವರ್ಗ ಮಾಡಿ ಅದಕ್ಕೆ ಸೇರಿಸು, ವರ್ಗಮೂಲ ತೆಗೆ, ಅದರಲ್ಲಿ ಆದಿಯ ಎರಡರಷ್ಟನ್ನು ಕಳೆದು ಉತ್ತರ ಕೂಡಿಸು, ಉತ್ತರದ ಎರಡರಷ್ಟರಿಂದ ಭಾಗಿಸು. ಮೊದಲು 2, 5, 8 ಎಂದು ಏರುವ ಶ್ರೇಢಿಯ ಮೊತ್ತ 155 ಇಟ್ಟು ರೂಢಿ ಮಾಡಿಸಿದೆ. 8 × 3 × 155 = 3720, ಅದಕ್ಕೆ 1 ಸೇರಿದರೆ 3721, ಮೂಲ 61, ಅದರಲ್ಲಿ 4 ಕಳೆದು 3 ಕೂಡಿದರೆ 60, ಆರರಿಂದ ಭಾಗಿಸಿದರೆ 10 ಪದ. ಮಕ್ಕಳಿಗೆ ಸಂತೋಷ.

ಬಣವೆಗೆ ಬಂದಾಗ ಉತ್ತರ ಋಣ ಎರಡು. ಎಂಟರಿಂದ ಗುಣಿಸಿದ್ದು ಋಣ 1728. ಆದಿಯ ಎರಡರಷ್ಟು 40, ಋಣ ಎರಡನ್ನು ಕಳೆದರೆ 42, ಅದರ ವರ್ಗ 1764. ಸೇರಿದರೆ 36. ಮೂಲ 6 ಎಂದರು ಎಲ್ಲರೂ. ಋಣ 6 ಕೂಡ ಆಗುತ್ತದೆ ಎಂದು ನೆನಪಿಸಿದೆ. ಧನದ ವರ್ಗವೂ ಋಣದ ವರ್ಗವೂ ಧನವೇ, ಮೂಲ ಎರಡು ಬಗೆ ಎಂಬುದನ್ನು ಮಹಾವೀರಾಚಾರ್ಯರು ಮೊದಲ ಅಧ್ಯಾಯದಲ್ಲೇ ಹೇಳಿದ್ದಾರೆ. 6 ಇಟ್ಟರೆ 9 ವರಸೆ, ಋಣ 6 ಇಟ್ಟರೆ 12 ವರಸೆ. ಎರಡನ್ನೂ ಕೂಡಿ ನೋಡಿದರೆ ಎರಡರಲ್ಲೂ 108 ಬರುತ್ತದೆ. ಹಾಗಾದರೆ ಮಾಹಿತಿ ಸಾಲದು ಎಂದು ಬರೆಯೋಣವೇ ಎಂದೆ.

ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದ. ಆತ ಈ ಹದಿನೈದು ದಿನದಲ್ಲಿ ಬಾಯಿ ತೆರೆದದ್ದು ಹಾಜರಿ ಕೂಗುವಾಗ ಮಾತ್ರ. ಸರ್, ಹತ್ತನೇ ವರಸಿಗೆ ಎರಡ ಸೂಡ ಉಳೀತಾವು, ಅಲ್ಲಿಗೆ ಬಣವಿ ಮುಗೀತು, ಹನ್ನೊಂದನೇ ವರಸಿಗೆ ಏನ ಇಡ್ತೀರಿ, ಹನ್ನೆರಡನೇದಕ್ಕ ಕಡಾ ತಂದ ಇಡ್ತೀರೇನ್ರಿ ಎಂದ. ಹನ್ನೊಂದನೆಯ ಪದ ಸೊನ್ನೆ, ಹನ್ನೆರಡನೆಯದು ಋಣ 2. ಋಣ ಎಂದರೆ ಸಾಲ ತಾನೇ, ಅವನ ಕಡಾ ಎನ್ನುವ ಮಾತು ನನ್ನ ಪಾಠ ಯೋಜನೆಗಿಂತ ಚೆನ್ನಾಗಿತ್ತು. ಬರೀ ಶ್ರೇಢಿಯಾಗಿ ಕೇಳಿದರೆ ಸಾಲದು. ಬಣವೆ ಎಂದು ಕೇಳಿದರೆ ಸಾಕು, 9 ವರಸೆ. ಬಣವೆ ಎನ್ನುವ ಶಬ್ದವೇ ಮೂರನೆಯ ಹೇಳಿಕೆ. ಹೊಲ ನೋಡಿದವನಿಗೆ ಅದು ಕಂಡಿತು.

ಅದೇ ಬಣವೆಯಲ್ಲಿ ಒಟ್ಟು 120 ಸೂಡು ಎಂದು ಬದಲಿಸಿದೆ. ಎಂಟರಿಂದ ಗುಣಿಸಿದ್ದು ಋಣ 1920, ಅದಕ್ಕೆ 1764 ಸೇರಿದರೆ ಋಣ 156. ಮೂಲವೇ ಇಲ್ಲ. ಋಣ ಸಂಖ್ಯೆ ಸ್ವಭಾವದಿಂದಲೇ ವರ್ಗವಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲ ಇಲ್ಲ ಎಂದು ಮಹಾವೀರಾಚಾರ್ಯರು ಸ್ಪಷ್ಟವಾಗಿ ಹೇಳಿದ್ದಾರೆ. ಬಣವೆಯ ಭಾಷೆಯಲ್ಲಿ ಹೇಳುವುದಾದರೆ 20ರಿಂದ ಇಳಿಯುತ್ತ ಹೋದರೆ ಹೆಚ್ಚೆಂದರೆ 110 ಸೂಡು ಹಿಡಿಯುತ್ತವೆ. 120 ಒಟ್ಟಿದೆ ಎಂದವನು ಸುಳ್ಳು ಹೇಳುತ್ತಿದ್ದಾನೆ. ಒಂದೇ ಉತ್ತರ, ಎರಡು ಉತ್ತರ, ಉತ್ತರವೇ ಇಲ್ಲ: ಮೂರೂ ಒಂದೇ ನಿಯಮದೊಳಗಿಂದ ಹೊರಬಂದವು.

ಇಷ್ಟೆಲ್ಲ ಹೊಗಳಿದ ಮೇಲೆ ಒಂದನ್ನು ಮುಚ್ಚಿಡಬಾರದು ಎಂದು ಅವರ ಒಂದು ಎಡವಟ್ಟನ್ನೂ ಹೇಳಿದೆ. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಹಾಗೆಯೇ ಉಳಿಯುತ್ತದೆ ಎಂದು ಅವರು ಬರೆದಿದ್ದಾರೆ. ಅದು ತಪ್ಪು. ಆಯ್ಕೆಗಳ ಎಣಿಕೆಗೆ ಸಾಮಾನ್ಯ ನಿಯಮವನ್ನು ಅಷ್ಟು ಸೊಗಸಾಗಿ ಕೊಟ್ಟ, ಋಣಕ್ಕೆ ಮೂಲವಿಲ್ಲವೆಂದು ಅಷ್ಟು ಖಚಿತವಾಗಿ ಕಂಡ ಮನುಷ್ಯ ಸೊನ್ನೆಯ ಹತ್ತಿರ ಜಾರಿದರು. ಮಕ್ಕಳಿಗೆ ಇದು ಬಹಳ ಇಷ್ಟವಾಯಿತು. ನನ್ನ 198ರ ಕಥೆಯೂ ಇದರ ಪಕ್ಕದಲ್ಲಿ ಸ್ವಲ್ಪ ಹಗುರವಾಯಿತು ಎಂದು ಒಪ್ಪಿಕೊಳ್ಳುತ್ತೇನೆ.

ಅವರು ಯಾವಾಗ, ಎಲ್ಲಿ ತೀರಿಕೊಂಡರು ಎಂಬುದಕ್ಕೂ ದಾಖಲೆ ಇಲ್ಲ. ಗ್ರಂಥ ಮಾತ್ರ ದಕ್ಷಿಣದಲ್ಲಿ ಓದುವವರ ಕೈಯಲ್ಲಿ ಉಳಿಯಿತು. 11ನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ಅದನ್ನು ತೆಲುಗಿಗೆ ತಂದ. 12ನೇ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ ವ್ಯವಹಾರಗಣಿತ, ಕ್ಷೇತ್ರಗಣಿತ ಮೊದಲಾದ ಗ್ರಂಥ ಬರೆದ, ಅವನೂ ಜೈನ. ಓಲೆಗರಿಗಳ ಮೇಲೆ ಕನ್ನಡ ಲಿಪಿಯಲ್ಲಿ, ಕನ್ನಡ ಟೀಕೆಯೊಂದಿಗೆ ಗಣಿತಸಾರಸಂಗ್ರಹವನ್ನು ನಕಲು ಮಾಡಿಕೊಂಡು ಬಂದವರ ಹೆಸರು ಯಾವ ಚರಿತ್ರೆಯಲ್ಲೂ ಬರುವುದಿಲ್ಲ.

ಆಮೇಲೆ ಒಂದು ಪ್ರಶ್ನೆಯಿಂದ ಗ್ರಂಥ ಮತ್ತೆ ಬೆಳಕಿಗೆ ಬಂತು. ಮದರಾಸಿನ ಶಿಕ್ಷಣ ಇಲಾಖೆಯ ಮುಖ್ಯಸ್ಥರು, ಭಾರತದ ಗಣಿತ ಚರಿತ್ರೆಗೆ ಉಪಯೋಗವಾಗುವ ಹಸ್ತಪ್ರತಿ ಏನಾದರೂ ಇದೆಯೇ ಎಂದು ಅಲ್ಲಿನ ಸರಕಾರಿ ಹಸ್ತಪ್ರತಿ ಭಂಡಾರದ ಮುಖ್ಯಸ್ಥ ಎಂ. ರಂಗಾಚಾರ್ಯರನ್ನು ಕೇಳಿದರು. ರಂಗಾಚಾರ್ಯರು ಹುಡುಕತೊಡಗಿದರು, ಮೂಡುಬಿದಿರೆಯ ಜೈನ ಭಂಡಾರದ ಪ್ರತಿಯನ್ನೂ ತರಿಸಿ ನೋಡಿದರು. ಇಂಗ್ಲಿಷ್ ಅನುವಾದದೊಂದಿಗೆ ಗ್ರಂಥ 1912ರಲ್ಲಿ ಮದರಾಸಿನಲ್ಲಿ ಅಚ್ಚಾಯಿತು. ಅದಕ್ಕೂ ಮುಂಚೆ 1908ರಲ್ಲಿ ರೋಮ್ ನಗರದಲ್ಲಿ ನಡೆದ ಗಣಿತಜ್ಞರ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಅಮೆರಿಕದ ಡೇವಿಡ್ ಯೂಜೀನ್ ಸ್ಮಿತ್ ಇದರ ಬಗ್ಗೆ ಪ್ರಬಂಧ ಓದಿದ್ದರು. ಮೂಲದೊಂದಿಗೆ ಕನ್ನಡ ಅನುವಾದ, ಪದ್ಮಾವತಮ್ಮ ಅವರದು, ಹೊಂಬುಜದ ಜೈನ ಮಠದಿಂದ ಪ್ರಕಟವಾದದ್ದು 2000ದಲ್ಲಿ. ನಾವು ಹೆಮ್ಮೆಯಿಂದ ನಮ್ಮವರು ಎನ್ನುವವರನ್ನು ರೋಮಿನವರು ನಮಗಿಂತ ಬೇಗ ಕೇಳಿದರು ಎಂದು ನನ್ನ ಮಾರ್ಗದರ್ಶಕರು ನಕ್ಕರು. ನನಗೆ ನಗು ಬರಲಿಲ್ಲ, ಏಕೆಂದರೆ ಮೂರು ವರ್ಷ ಗಣಿತದ ಪದವಿ ಓದಿದ ನಾನು ಈ ಗ್ರಂಥದ ಒಂದು ಪುಟವನ್ನೂ ತಿರುವಿರಲಿಲ್ಲ.

ಘಟಕದ ಕೊನೆಯ ಪಾಠದಲ್ಲಿ ಮೌಲ್ಯಮಾಪನಕ್ಕೆ ನಾನು ಪ್ರಶ್ನೆ ಕೊಡಲಿಲ್ಲ. ಮಕ್ಕಳೇ ಒಂದೊಂದು ಲೆಕ್ಕ ಮಾಡಿ ತರಬೇಕು, ಮಾಹಿತಿ ಸಾಕೇ ಸಾಲದೇ ಎಂದು ಉಳಿದವರು ಹೇಳಬೇಕು ಎಂದೆ. ಹೆಚ್ಚಿನವು ನನ್ನ ಲೆಕ್ಕಗಳ ಅಂಕಿ ಬದಲಿಸಿದಂಥವು. ಬಣವೆಯ ಹುಡುಗ ಈ ಸಲ ಗುಡ್ಡದ ಯಲ್ಲಮ್ಮನ ಜಾತ್ರೆಗೆ ಹೋಗುವ ಚಕ್ಕಡಿಗಳ ಲೆಕ್ಕ ತಂದಿದ್ದ, ಆದರೆ ಅದರಲ್ಲಿ ಶ್ರೇಢಿಯೇ ಇರಲಿಲ್ಲ.

ಸವದತ್ತಿಯ ಹುಡುಗಿ ಹಲಗೆಯ ಹತ್ತಿರ ಬಂದು ಬರೆದಳು. 5ನೇ ಪದ 22. ಮೊದಲ 8 ಪದಗಳ ಮೊತ್ತ ಎಷ್ಟು? ಸಾಕೇ? ತರಗತಿಯ ಮುಕ್ಕಾಲು ಪಾಲು ಒಂದೇ ದನಿಯಲ್ಲಿ ಸಾಕು, 8 × 22, 176 ಎಂದಿತು. ಅವಳು ಒಂದು ಸಾಲಿನಲ್ಲಿ ಎಂಟು ಸಲ 22 ಬರೆದಳು. ಅದರ ಕೆಳಗೆ 18, 19, 20, 21, 22, 23, 24, 25 ಎಂದು ಬರೆದು ಕೂಡಿದಳು. 172. ಸೀಮೆಸುಣ್ಣ ಮೇಜಿನ ಮೇಲಿಟ್ಟು, ಎಂಟರಾಗ ನಡುವಿನ ಪದ ಇಲ್ಲಲ್ರಿ ಎಂದು ನನ್ನ ಕಡೆ ನೋಡದೆಯೇ ಹೇಳಿ ತನ್ನ ಜಾಗಕ್ಕೆ ಹೋಗಿ ಕೂತಳು. ನಾನು ಆಗ ಕೊನೆಯ ಬೆಂಚಿನಲ್ಲಿ, ಮಾರ್ಗದರ್ಶಕರ ಪಕ್ಕದಲ್ಲಿ ಕುಳಿತಿದ್ದೆ. ಅವರು ವೀಕ್ಷಣಾ ಪುಸ್ತಕವನ್ನು ಮುಚ್ಚಿ ಆ ಎರಡು ಸಾಲುಗಳನ್ನೇ ನೋಡುತ್ತಿದ್ದರು.